ಠಗ್ಗನ ಕಥೆಯೂ ಭವಾನಿಯ ಐತಿಹ್ಯವೂ

ಪತ್ತೇದಾರಿ ಕಥೆಯ ಉಗಮವನ್ನು ಸಾಹಿತ್ಯ ಚರಿತ್ರಕಾರರು ಸಾಮಾನ್ಯವಾಗಿ ಅಮೆರಿಕದ ಎಡ್ಗರ್ ಆಲನ್ ಪೋ 1841ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಗುರುತಿಸುತ್ತಾರೆ. ಅದಕ್ಕೆ ಎರಡು ವರ್ಷ ಮೊದಲೇ, 1839ರಲ್ಲಿ, ಈ ದೇಶದ ಅಪರಾಧಗಳನ್ನೂ ದೈವಶ್ರದ್ಧೆಯನ್ನೂ ಒಂದಾಗಿ ಹೆಣೆದ ಇಂಗ್ಲಿಷ್ ಕಾದಂಬರಿಯೊಂದು ಹೊರಬಂದಿತ್ತು. ಅದು ಮೆಡೋಸ್ ಟೇಲರನ ‘ಕನ್‌ಫೆಷನ್ಸ್ ಆಫ್ ಎ ಥಗ್’. ಪೋನ ಕಥೆಯಲ್ಲಿ ರಹಸ್ಯವನ್ನು ಭೇದಿಸುವ ಖಾಸಗಿ ಪತ್ತೇದಾರನಿದ್ದಾನೆ. ಟೇಲರನ ಕೃತಿಯಲ್ಲಿ ಅಂಥವನಿಲ್ಲ. ಅಪರಾಧಿಯೇ ಹೇಳುತ್ತಾನೆ, ಸಾಹೇಬನು ಕೇಳುತ್ತಾನೆ. ಸಾಕ್ಷ್ಯವನ್ನು ತೂಗಿ ನೋಡುವ ಹೊಣೆ ಓದುಗನ ಮೇಲೆ ಬೀಳುತ್ತದೆ.

ಟೇಲರನು ನಿಜಾಮನ ಸೇವೆಯಲ್ಲಿದ್ದ ಅಧಿಕಾರಿ. 1841ರಿಂದ 1853ರವರೆಗೆ ಸುರಪುರದಲ್ಲಿಯೂ, ಅನಂತರ 1857ರವರೆಗೆ ತುಳಜಾಪುರವನ್ನೊಳಗೊಂಡ ನಳದುರ್ಗ ಪ್ರಾಂತದಲ್ಲಿಯೂ ಆಡಳಿತ ನಡೆಸಿದನು. ಆಳಂದ ತಾಲ್ಲೂಕಿನ ನಿಂಬರ್ಗಾಕ್ಕೆ ವಾಯವ್ಯದಲ್ಲಿ ತುಳಜಾಪುರ, ದಕ್ಷಿಣದಲ್ಲಿ ಸುರಪುರ. ಆದುದರಿಂದ ಈ ಕೃತಿಯ ವಿಚಾರ ನಮ್ಮ ಸೀಮೆಗೆ ಹೊರಗಿನದಲ್ಲ.

ಕಥಾನಾಯಕ ಅಮೀರ್ ಅಲಿ ಮಾಫಿ ಸಾಕ್ಷಿಯಾದ ಠಗ್ಗ. ಅಂಥವನೊಬ್ಬನನ್ನು 1832ರಲ್ಲಿ ತಾನು ಕಂಡುದಾಗಿಯೂ, ಆತನು 719 ಕೊಲೆಗಳನ್ನು ಒಪ್ಪಿಕೊಂಡುದಾಗಿಯೂ ಟೇಲರನು ಪ್ರಸ್ತಾವನೆಯಲ್ಲಿ ಹೇಳುತ್ತಾನೆ. ಗುದ್ದಲಿಯ ಪೂಜೆ, ಬೆಲ್ಲದ ಪ್ರಸಾದ, ಕತ್ತೆಯ ಕೂಗಿನ ಶಕುನ, ಕೊರಳಿಗೆ ಬಿಗಿಯುವ ರುಮಾಲು, ಇವೆಲ್ಲ ಕಥೆಯುದ್ದಕ್ಕೂ ಬರುತ್ತವೆ.

ಇವುಗಳಲ್ಲಿ ಒಂದು ಐತಿಹ್ಯ ವಿಶೇಷ ಗಮನಕ್ಕೆ ಅರ್ಹವಾದುದು. ಹಿಂದೆ ಹತರಾದವರ ಶವಗಳನ್ನು ದೇವಿಯೇ ಇಲ್ಲವಾಗಿಸುತ್ತಿದ್ದಳಂತೆ. ಕುತೂಹಲದಿಂದ ಹಿಂದಿರುಗಿ ನೋಡಿದ ತಪ್ಪಿಗೆ ಶವಗಳನ್ನು ಹೂಳುವ ಕೆಲಸ ಠಗ್ಗರ ಪಾಲಿಗೆ ಬಂದಿತಂತೆ. ಅಪರಾಧವು ಕುರುಹನ್ನೇಕೆ ಉಳಿಸಿತೆಂಬುದಕ್ಕೆ ಈ ಕಥೆ ಅವರದೇ ಸಮಾಧಾನ. ಮಾಫಿ ಸಾಕ್ಷಿಗಳು ತೋರಿಸಿದ ಸ್ಥಳಗಳನ್ನು ಅಗೆದಾಗ ಅಸ್ಥಿಗಳು ದೊರೆತವು. ದಾರಿಹೋಕರು ಕೊಲೆಯಾದರೆಂಬುದಕ್ಕೆ ಅವು ಆಧಾರ. ಆದರೆ ಆ ಕೊಲೆಗಳಿಗೆ ಧರ್ಮವೇ ಪ್ರೇರಣೆ ಎಂಬುದನ್ನು ಅಸ್ಥಿಗಳು ಹೇಳಲಾರವು. ಹಾಗೆ ಹೇಳಿದವರು ಪ್ರಾಣ ಉಳಿಸಿಕೊಳ್ಳಲು ನುಡಿದ ಕೈದಿಗಳು, ಮತ್ತು ಆ ನುಡಿಯನ್ನು ಬರೆದುಕೊಂಡ ಅಧಿಕಾರಿಗಳು.

ಈ ಭೇದವನ್ನು ಅಂದಿನ ಕಾನೂನು ಲೆಕ್ಕಿಸಲಿಲ್ಲ. 1836ರ ಶಾಸನದಂತೆ, ನಿರ್ದಿಷ್ಟ ಕೊಲೆಯೊಂದು ರುಜುವಾತಾಗದಿದ್ದರೂ ಠಗ್ಗರ ತಂಡಕ್ಕೆ ಸೇರಿದವನೆಂಬುದಿಷ್ಟೇ ಜೀವಾವಧಿ ಸೆರೆಗೆ ಸಾಕಾಯಿತು. ಅಪರಾಧವು ಕೃತ್ಯವಲ್ಲ, ಕುಲಾಚಾರ ಎಂಬ ಭಾವನೆ ಮುಂದೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಬಲಿಯಿತು. ಅಸಂಖ್ಯಾತ ನಿರಪರಾಧಿ ಕುಟುಂಬಗಳು ಹುಟ್ಟಿನಿಂದಲೇ ಶಂಕಿತರಾದವು. 1952ರಲ್ಲಿ ಆ ಕಾಯಿದೆ ರದ್ದಾಯಿತಾದರೂ ಕಳಂಕವು ಕಾಗದದೊಡನೆ ಅಳಿಯಲಿಲ್ಲ.

ಟೇಲರನೇ ಇದಕ್ಕೊಂದು ಪ್ರತಿಸಾಕ್ಷ್ಯವನ್ನೂ ಒದಗಿಸಿದ್ದಾನೆ. ತುಳಜಾಪುರದ ಪರಿಸರದಲ್ಲಿ ವರ್ಷಗಳನ್ನು ಕಳೆದ ಮೇಲೆ, 1863ರಲ್ಲಿ, ಅವನು ‘ತಾರಾ’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅಲ್ಲಿಯೂ ದೇವತೆ ಭವಾನಿಯೇ. ಆದರೆ ಅಲ್ಲಿ ಅವಳು ಕೊಲೆಗಾರರ ಒಡತಿಯಲ್ಲ. ತುಳಜಾಪುರದ ತರುಣ ವಿಧವೆಯೊಬ್ಬಳು ಮೊರೆಹೋಗುವ ತಾಯಿ. ಹೆಸರು ಅದೇ, ಲೇಖಕನೂ ಅವನೇ. ಬೇರೆಯಾದುದು ಅವನು ಕಿವಿಗೊಟ್ಟ ಜನ: ಮೊದಲ ಕೃತಿಗೆ ಸೆರೆಮನೆಯ ಕೈದಿಗಳು, ಎರಡನೆಯದಕ್ಕೆ ಗುಡಿಯ ಊರಿನವರು.

ಕಲಬುರಗಿ ಸೀಮೆಯ ಎಷ್ಟೋ ಮನೆಗಳಲ್ಲಿ ತುಳಜಾಭವಾನಿ ಕುಲದೇವತೆ. ದೇವರಿಗೆ ಬೆಲ್ಲ ನಿವೇದಿಸುವುದು ನಿತ್ಯದ ಸಂಗತಿ. ಕೇವಲ ಮೊದಲ ಕಾದಂಬರಿಯನ್ನು ಓದಿದವನಿಗೆ ಆ ಬೆಲ್ಲವೂ ಸಂಶಯಾಸ್ಪದವಾಗಿ ಕಂಡೀತು. ಐತಿಹ್ಯವು ಜನರ ಕಲ್ಪನೆಗೆ ಸಾಕ್ಷಿಯೇ ಹೊರತು ಜನರ ವಿರುದ್ಧ ಸಾಕ್ಷಿಯಲ್ಲ. ಇತಿಹಾಸದ ವಿದ್ಯಾರ್ಥಿಯು ಇಂಥ ಕೃತಿಯನ್ನು ಕೈಗೆತ್ತಿಕೊಂಡಾಗ, ಹೇಳಿದವನು ಯಾರು, ಯಾರೆದುರಿಗೆ ಹೇಳಿದನು, ಹೇಳಿದುದರಿಂದ ಅವನಿಗೆ ದೊರೆತುದೇನು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.