ಮನೆ ಬಿಟ್ಟ ಷಡ್ಜ

ಕಚೇರಿಯಲ್ಲಿ ವಿದ್ವಾಂಸರು ಪಲ್ಲವಿಯನ್ನು ವಿಸ್ತರಿಸುತ್ತಿರುವಾಗ ಹಿಂದೆ ಕುಳಿತ ಶಿಷ್ಯನು ತಂಬೂರಿಯ ಶ್ರುತಿಯನ್ನು ಇದ್ದಕ್ಕಿದ್ದಂತೆ ಏರಿಸಿಬಿಟ್ಟರೆ ಏನಾದೀತು? ಸಭೆ ಗಾಬರಿಯಾದೀತು, ವಿದ್ವಾಂಸರು ಅವನತ್ತ ತಿರುಗಿ ನೋಡುವ ನೋಟವನ್ನು ಊಹಿಸಿಕೊಳ್ಳುವುದೂ ಬೇಡ. ನಮಗೆ ಷಡ್ಜವೆಂದರೆ ಅಡಿಗಲ್ಲು. ರಾಗ ಬದಲಾಗಬಹುದು, ತಾಳ ಬದಲಾಗಬಹುದು, ಅಡಿಗಲ್ಲು ಕದಲಬಾರದು. ಗ್ರಹಭೇದ ಮಾಡುವ ಗಾಯಕನೂ ಅಷ್ಟೆ. ಶಂಕರಾಭರಣದ ಮಧ್ಯಮವನ್ನೇ ಕೆಲಹೊತ್ತು ಷಡ್ಜವೆಂದು ಭಾವಿಸಿ, ಕಲ್ಯಾಣಿಯನ್ನು ಇಣುಕಿಸಿ, ರಸಿಕರು ತಲೆದೂಗುತ್ತಿರುವಾಗಲೇ ತಂಬೂರಿ ಕಾದಿರುವ ಮನೆಗೆ ಮರಳಿಬಿಡುತ್ತಾನೆ.

ಪಾಶ್ಚಾತ್ಯರ ರೂಢಿ ಬೇರೆ. ಮೂರು ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ನುಡಿಸಿದಾಗ ಹುಟ್ಟುವ ಗುಂಪಿಗೆ ಅವರು ಕಾರ್ಡ್ ಎನ್ನುತ್ತಾರೆ. ಒಂದರ ಹಿಂದೊಂದು ಬರುವ ಈ ಕಾರ್ಡುಗಳೇ ಹಾಡಿನ ಮನೆ ಯಾವುದೆಂದು ಕಿವಿಗೆ ತಿಳಿಸುತ್ತವೆ. ಮನಸ್ಸು ಬಂದರೆ ಬೇರೊಂದು ಮನೆಯನ್ನೂ ತೋರಿಸುತ್ತವೆ. ಹೀಗೆ ಆಧಾರ ಷಡ್ಜವನ್ನೇ ಬದಲಿಸುವ ವಿದ್ಯೆ ಬಾಖ್, ಬೀಥೋವನ್ನರ ಕಾಲಕ್ಕೇ ಪಕ್ವವಾಗಿತ್ತು. ಆದರೆ 1980ರ ದಶಕದಲ್ಲಿ, ನಾಲ್ಕೈದು ನಿಮಿಷಗಳಲ್ಲಿ ಮುಗಿದುಹೋಗುವ ಪಾಪ್ ಹಾಡಿನಲ್ಲಿ, ಈ ವಿದ್ಯೆ ಕಥೆ ಹೇಳುವ ಸಾಧನವಾಗಿ ಮೆರೆಯಿತು. ಆ ಹಾಡುಗಳನ್ನು ಕೇಳುವಾಗ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಂಡರೆ ಸಾಕು: ಮನೆ ಬಿಟ್ಟ ಹಾಡು ಮರಳಿ ಬಂದಿತೇ?

ಆ ದಶಕಕ್ಕೆ ಈ ಹುರುಪು ಬರಲು ವಾದ್ಯಗಳೂ ಒಂದು ಕಾರಣ. ಗಿಟಾರಿನ ಜೊತೆಗೆ, ಎಷ್ಟೋ ವೇಳೆ ಅದರ ಮುಂದೆಯೇ, ಸಿಂಥಸೈಜರ್ ಬಂದು ನಿಂತಿತು. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್-7 ಪೇಟೆಗೆ ಬಂತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡುವಂತೆ ಮಾಡಿದ ಮಿಡಿ ಎಂಬ ವ್ಯವಸ್ಥೆ ಬಹಿರಂಗವಾಗಿ ಪ್ರದರ್ಶಿತವಾದದ್ದೂ ಅದೇ ವರ್ಷ. ಕೀಲಿಮಣೆಯ ಮುಂದೆ ಕುಳಿತವನ ಎಡಗೈ ಒಂದು ಮಂದ್ರ ಸ್ವರವನ್ನು ಹಿಡಿದಿದ್ದರೆ ಬಲಗೈ ಅದಕ್ಕೆ ಒಗ್ಗದ ಕಾರ್ಡುಗಳನ್ನೂ ಹುಡುಕಿಕೊಂಡು ಹೋಗಬಹುದು. ವ್ಯಾನ್ ಹೇಲನ್ ತಂಡದ ‘ಜಂಪ್’ (1984) ಹಾಡಿನ ಆರಂಭ ಇಂಥದೇ: ಕೆಳಗೆ ಒಂದೇ ಸ್ವರ ತಂಬೂರಿಯಂತೆ ನಿಂತಿದೆ, ಮೇಲೆ ಕಾರ್ಡುಗಳು ಚಲಿಸುತ್ತಿವೆ. ಗಿಟಾರಿಗೇ ಹೆಸರಾದ ಎಡ್ಡಿ ವ್ಯಾನ್ ಹೇಲನ್ ಅದನ್ನು ಸಿಂಥಸೈಜರ್ ಮೇಲೆ ನುಡಿಸಿದ. ಮಧ್ಯೆ ಗಿಟಾರಿನ ಸರದಿ ಬಂದಾಗ ಹಾಡು ಹೇಳದೆ ಕೇಳದೆ ದೂರದ ಶ್ರುತಿಯೊಂದಕ್ಕೆ ಜಿಗಿದು, ಆಮೇಲೆ ಸದ್ದಿಲ್ಲದೆ ಹಿಂತಿರುಗುತ್ತದೆ. ಹೆಸರಿಗೆ ತಕ್ಕ ನಡತೆ!

ಮರಳಿ ಬರುವುದು ಯಾವಾಗಲೂ ಸುಖವಲ್ಲ. ಪೊಲೀಸ್ ಎಂಬ ಬ್ರಿಟಿಷ್ ತಂಡದ ‘ಎವೆರಿ ಬ್ರೆತ್ ಯು ಟೇಕ್’ 1983ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಎಂಟು ವಾರ ಮೊದಲನೆಯ ಸ್ಥಾನದಲ್ಲಿತ್ತು. ಪ್ರೇಮಗೀತೆಯೆಂದು ಬಗೆದು ಅದನ್ನು ಮದುವೆಗಳಲ್ಲಿ ನುಡಿಸಿದವರುಂಟು. ಬರೆದ ಸ್ಟಿಂಗ್ ಮಾತ್ರ, ಅದು ಬಿಟ್ಟುಹೋದವಳ ಪ್ರತಿ ಹೆಜ್ಜೆಯನ್ನೂ ಕಾಯುವ ಅಸೂಯೆಯ ಹಾಡೆಂದು ಮತ್ತೆ ಮತ್ತೆ ಹೇಳಿದ್ದಾನೆ. ಮಾತು ಮರೆಮಾಡಿದ್ದನ್ನು ಕಾರ್ಡುಗಳು ಆಗಲೇ ಹೇಳಿದ್ದವು. ಹಾಡಿನ ಕಾರ್ಡುಗಳ ಸರಣಿ ತೀರ ಸಾಮಾನ್ಯವಾದದ್ದು. ಗಿಟಾರ್ ವಾದಕ ಆಂಡಿ ಸಮ್ಮರ್ಸ್ ಅದರೊಳಕ್ಕೆ ರಿಷಭದಂಥ ಒಂದು ಹೊರಗಿನ ಸ್ವರವನ್ನು ಸೇರಿಸಿದ. ಸಿಹಿಯೊಳಗೆ ಒಂದು ಕಸಿವಿಸಿ ಉಳಿಯಿತು. ನಡುವೆ ವಿರಹಿಯ ಅಳಲು ಹೊರಬೀಳುವಾಗ, ಶಂಕರಾಭರಣದ ಸ್ವರಗಳಲ್ಲಿ ನಡೆಯುತ್ತಿದ್ದ ಹಾಡು ಶುದ್ಧ ಧೈವತದ ಮೇಲೆ ಕಟ್ಟಿದ ಪರಕೀಯ ಕಾರ್ಡಿಗೆ ಹೋಗುತ್ತದೆ. ಒಂದು ಕ್ಷಣ ಕಿಟಕಿ ತೆರೆದಂತಾಗುತ್ತದೆ. ಮರುಕ್ಷಣ ಅದೇ ಮನೆ, ಅದೇ ಕಾವಲು. ಆ ಮನುಷ್ಯನು ಹೊರಗೆ ಹೋಗಲಾರ ಎಂಬುದನ್ನು ಹಾಡಿನ ಮರಳುವಿಕೆಯೇ ಹೇಳುತ್ತದೆ.

ಎರಡು ಮನೆಗಳ ಹಾಡೂ ಉಂಟು. ಅಮೆರಿಕದ ಟೋಟೊ ತಂಡದ ‘ಆಫ್ರಿಕಾ’ (1982) ಅಂಥದು. ಅದರ ಚರಣಗಳದು ಒಂದು ಶ್ರುತಿ, ಪಲ್ಲವಿಯದು ಇನ್ನೊಂದು. ಪಲ್ಲವಿಗೆ ಹೋಗುವಾಗ ಶ್ರುತಿಯನ್ನು ಏರಿಸುವುದು ವಾಡಿಕೆ; ಇಲ್ಲಿ ಅದು ಹಾರ್ಮೋನಿಯಂ ಲೆಕ್ಕದಲ್ಲಿ ಎರಡು ಮನೆ ಕೆಳಗಿಳಿಯುತ್ತದೆ. ವಿಚಿತ್ರವೆಂದರೆ ದನಿ ಮಾತ್ರ ಮೇಲೇರುತ್ತದೆ. ಡೇವಿಡ್ ಪೇಚ್ ತಗ್ಗಿದ ದನಿಯಲ್ಲಿ ಚರಣವನ್ನು ಹಾಡಿದರೆ, ಪಲ್ಲವಿಯನ್ನು ಬಾಬಿ ಕಿಂಬಲ್ ತಾರದಲ್ಲಿ ಎತ್ತಿಕೊಳ್ಳುತ್ತಾನೆ. ನೆಲ ತಗ್ಗುತ್ತದೆ, ಆಕಾಶ ಎತ್ತರವಾಗುತ್ತದೆ. ಹಾಡನ್ನು ಜೆಫ್ ಪೊರ್ಕಾರೊ ಜೊತೆ ಸೇರಿ ಬರೆದ ಪೇಚ್ ಆಗ ಆಫ್ರಿಕವನ್ನು ಕಂಡವನಲ್ಲ. ಕಾಣದ ನಾಡಿನ ಹಂಬಲಕ್ಕೆ ಒಂದು ಮನೆ ಸಾಲದು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುವುದೇ ಅದರ ಗತಿ.

ಇನ್ನು ಮರಳದ ಹಾಡುಗಳು. ಬಾನ್ ಜೋವಿ ತಂಡದ ‘ಲಿವಿನ್ ಆನ್ ಎ ಪ್ರೇಯರ್’ (1986) ಒಂದು ಬಡ ದಂಪತಿಗಳ ಕಥೆ. ಗಂಡ ಹಡಗುಕಟ್ಟೆಯ ಕೂಲಿ. ಮುಷ್ಕರದಿಂದ ಕೆಲಸ ನಿಂತಿದೆ. ಹೆಂಡತಿ ಹೋಟೆಲಿನಲ್ಲಿ ದುಡಿದು ಮನೆ ನಡೆಸುತ್ತಾಳೆ. ಕೊನೆಯ ಸಲ ಪಲ್ಲವಿ ಬರುವಾಗ ಶ್ರುತಿ ಒಮ್ಮೆಗೇ ಮೂರು ಮನೆ ಮೇಲಕ್ಕೆ ಹಾರುತ್ತದೆ. ಅಷ್ಟೇ ಆದರೆ ಅದೊಂದು ಚಮತ್ಕಾರವೆಂದು ಬಿಡಬಹುದಿತ್ತು. ಹಾರುವ ಹೊತ್ತಿಗೆ ಸರಿಯಾಗಿ, ನಾಲ್ಕು ಎಣಿಕೆಯ ಆವರ್ತದಲ್ಲಿ ಒಂದು ಎಣಿಕೆ ಕಡಿಮೆಯಾಗುತ್ತದೆ! ತಿಂಗಳ ಕೊನೆಯಲ್ಲಿ ಕೈಯಲ್ಲಿರಬೇಕಾದ ಒಂದು ರೂಪಾಯಿ ಇಲ್ಲದಂತೆ ಕಾಲು ತಡವರಿಸುತ್ತದೆ. ತಡವರಿಸಿದವನು ಬೀಳದೆ ಮೇಲಿನ ಮೆಟ್ಟಿಲ ಮೇಲೆ ನಿಲ್ಲುತ್ತಾನೆ. ಅಲ್ಲಿಂದ ಹಾಡು ಕೆಳಗಿಳಿಯುವುದಿಲ್ಲ. ಹಾಡುವವನ ಕೊರಳಿಗೆ ಆ ಎತ್ತರ ಸುಲಭವಲ್ಲ. ಸುಲಭವಲ್ಲದ್ದರಿಂದಲೇ ಅದನ್ನು ನಂಬುತ್ತೇವೆ.

ಮೈಕೇಲ್ ಜಾಕ್ಸನ್ನನ ‘ಮ್ಯಾನ್ ಇನ್ ದ ಮಿರರ್’ 1987ರ ಅವನ ‘ಬ್ಯಾಡ್’ ಸಂಗ್ರಹದ್ದು. ಬರೆದವರು ಸೈಡಾ ಗ್ಯಾರೆಟ್ ಮತ್ತು ಗ್ಲೆನ್ ಬ್ಯಾಲರ್ಡ್. ಲೋಕವನ್ನು ತಿದ್ದಹೊರಟವನು ಕನ್ನಡಿಯಲ್ಲಿ ಕಾಣುವವನಿಂದಲೇ ಆರಂಭಿಸಬೇಕೆಂಬುದು ಅದರ ಸಾರ. ಬದಲಾವಣೆ ಎಂಬರ್ಥದ ಇಂಗ್ಲಿಷ್ ಪದವನ್ನು ಹಾಡುತ್ತಿರುವಾಗಲೇ ಶ್ರುತಿ ಒಂದು ಮನೆ ಮೇಲೇರುತ್ತದೆ. ಹಿಂದಿನಿಂದ ಆಂಡ್ರೆ ಕ್ರೌಚ್ ಅವರ ಭಜನಮೇಳದ ದನಿಗಳು ಅಲೆಯಂತೆ ಬರುತ್ತವೆ. ಬದಲಾಗುತ್ತೇನೆಂದವನು ಹಳೆಯ ಶ್ರುತಿಗೆ ಮರಳಿದರೆ ಕೊಟ್ಟ ಮಾತು ಸುಳ್ಳಾಗುತ್ತಿತ್ತು. ಅವನು ಮರಳುವುದಿಲ್ಲ.

ಹಾಡಿನ ಕೊನೆಯಲ್ಲಿ ಶ್ರುತಿಯೇರಿಸುವುದನ್ನು ಅಲ್ಲಿಯ ರಸಿಕರು ಗೇಲಿ ಮಾಡಿದ್ದೂ ಉಂಟು. ಲಾರಿ ಚಾಲಕನು ಗೇರು ಬದಲಿಸಿದಂತೆ ಎಂದು ಅದಕ್ಕೊಂದು ಅಡ್ಡಹೆಸರೇ ಇದೆ. ಗೇಲಿ ಅನ್ಯಾಯವೇನಲ್ಲ. ಹೇಳಲು ಏನೂ ಉಳಿಯದಾಗ ಅದನ್ನೇ ಅರ್ಧಸ್ವರ ಮೇಲೆ ಕೂಗಿ ಹೇಳಿದ ಹಾಡುಗಳಿಗೆ ಆ ದಶಕದಲ್ಲಿ ಬರವಿರಲಿಲ್ಲ. ಸವಕಲು ನಾಣ್ಯಗಳೊಡನೆ ಒಳ್ಳೆಯ ನಾಣ್ಯಗಳೂ ಚಲಾವಣೆ ತಪ್ಪಿದ್ದು ಮಾತ್ರ ವಿಷಾದದ ಸಂಗತಿ. ಕ್ರಿಸ್ ಡಲ್ಲಾ ರೀವಾ ಎಂಬ ಅಮೆರಿಕದ ಲೇಖಕ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1958ರಿಂದ 1990ರವರೆಗೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡುಗಳಲ್ಲಿ ಸುಮಾರು ಕಾಲುಭಾಗ ಶ್ರುತಿ ಬದಲಿಸಿದವು. 2010ರ ದಶಕದಲ್ಲಿ ಅಂಥದು ಒಂದೇ ಒಂದು. ಲಯಪ್ರಧಾನವಾದ ಹಿಪ್‌ಹಾಪ್ ಮುಂದೆ ಬಂದದ್ದು ಇದಕ್ಕೆ ಒಂದು ಕಾರಣ. ಗಣಕಯಂತ್ರದ ಮೇಲೆ ಒಂದು ಪುಟ್ಟ ತುಣುಕನ್ನು ಮತ್ತೆ ಮತ್ತೆ ಸುತ್ತಿಸಿ ಹಾಡು ಕಟ್ಟುವ ಪದ್ಧತಿ ಇನ್ನೊಂದು.

ಮನೆ ಬಿಡದ ಹಾಡು ಕೀಳೆಂದು ತಂಬೂರಿಯ ನಾಡಿನವರಾದ ನಾವು ಹೇಳುವಂತಿಲ್ಲ. ನಿಂತ ಷಡ್ಜದ ಮೇಲೆಯೇ ಲೋಕವನ್ನೆಲ್ಲ ಸುತ್ತಿಬರುವ ಸಂಗೀತ ನಮ್ಮದು. ಆದರೆ ಮನೆಯಲ್ಲಿ ಉಳಿಯುವುದಕ್ಕೂ ಹೊರಗೊಂದು ದಾರಿಯಿದೆ ಎಂಬುದನ್ನೇ ಮರೆಯುವುದಕ್ಕೂ ವ್ಯತ್ಯಾಸವಿದೆ. ಆ ಹಡಗುಕಟ್ಟೆಯ ಕೂಲಿಗೆ ಹಾಡು ಮುಗಿದ ಮೇಲೂ ಕೆಲಸ ಸಿಕ್ಕಿರುವುದಿಲ್ಲ. ಮುಷ್ಕರ ಮುಗಿದಿತೆಂದು ಯಾರೂ ಹೇಳಿಲ್ಲ. ಮೂರು ಮನೆ ಮೇಲೆ ನಿಂತು ಗಂಡಹೆಂಡಿರು ಇನ್ನೂ ಹಾಡುತ್ತಿದ್ದಾರೆ, ಅಷ್ಟೆ. ಮುಂದಿನ ಸಲ ಆ ಹಾಡು ಕಿವಿಗೆ ಬಿದ್ದಾಗ ಓದುಗರು ಕೊನೆಯ ಪಲ್ಲವಿಯವರೆಗೆ ಕಾಯಬೇಕು, ಕೈಯಲ್ಲಿ ತಾಳ ಹಾಕುತ್ತ. ಒಂದು ಎಣಿಕೆ ತಪ್ಪಿದಂತಾದರೆ ತಪ್ಪು ತಮ್ಮದಲ್ಲ.