ಒಂದು ಗಣಕ, ಎರಡು ತೆರೆ

ತರಗತಿಯಲ್ಲಿ ಗಣಕವನ್ನು ಮಾನಿಟರಿಗೂ ಪ್ರೊಜೆಕ್ಟರಿಗೂ ಕವಲು ಕೇಬಲ್‌ನಿಂದ ಜೋಡಿಸಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ. ಬೇರೆ ಬೇರೆ ಚಿತ್ರ ಬೇಕಿದ್ದರೆ ಕೇಬಲ್ ಕವಲೊಡೆದರೆ ಸಾಲದು. ತೆರೆಯ ಮೇಲೆ ಕಾಣುವುದೆಲ್ಲ ಮೊದಲು ಸ್ಮೃತಿಯ ಒಂದು ಭಾಗದಲ್ಲಿ ದಾಖಲಾಗಿರುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಬಾರಿ ಓದಿ ಮಾನಿಟರಿಗೆ ಕಳುಹಿಸಲು ಒಂದು ವಿದ್ಯುನ್ಮಂಡಲವಿರುತ್ತದೆ. ಎರಡು ಚಿತ್ರಗಳಿಗೆ ಇಂಥ ಎರಡು ಏರ್ಪಾಡುಗಳು ಬೇಕು. ಎರಡಕ್ಕೂ ಪ್ರತ್ಯೇಕ ವಿಳಾಸವೂ ಬೇಕು.

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಅನುಕೂಲ ಆರಂಭದಲ್ಲೇ ಇತ್ತು. ಅದಕ್ಕೆ ಎರಡು ಬಗೆಯ ಕಾರ್ಡ್‌ಗಳು ದೊರೆಯುತ್ತಿದ್ದವು. ಎಂಡಿಎ ಎಂಬುದು ಅಕ್ಷರಗಳನ್ನು ಮಾತ್ರ ತೋರಿಸುತ್ತಿತ್ತು. ಸಾಲಿಗೆ 80 ಅಕ್ಷರ, 25 ಸಾಲು, ಅಕ್ಷರಕ್ಕೆ 2 ಬೈಟ್; ಒಟ್ಟು 4000 ಬೈಟ್. 4 ಕಿಲೋಬೈಟ್ ಸ್ಮೃತಿ ಅದಕ್ಕೆ ಸಾಕಾಗಿತ್ತು. ಸಿಜಿಎ ಎಂಬ ಇನ್ನೊಂದು ಕಾರ್ಡ್ ಬಣ್ಣದ ಚಿತ್ರಗಳಿಗೆ. ಅದರ ಸ್ಮೃತಿ 16 ಕಿಲೋಬೈಟ್. ಮೊದಲನೆಯದರ ಸ್ಮೃತಿ 704ನೆಯ ಕಿಲೋಬೈಟ್‌ನಿಂದ, ಎರಡನೆಯದರದು 736ರಿಂದ ಆರಂಭ. ಒಂದರ ಜಾಗಕ್ಕೆ ಇನ್ನೊಂದು ಕೈಹಾಕದು. ಹೀಗಾಗಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿ, ಎರಡು ಮಾನಿಟರ್ ಜೋಡಿಸಬಹುದಿತ್ತು.

ಇದರಿಂದ ನಿಜವಾದ ಲಾಭ ಪಡೆದವರು ಪ್ರೋಗ್ರಾಮ್ ಬರೆಯುವವರು. ಚಿತ್ರ ಬಿಡಿಸುವ ಪ್ರೋಗ್ರಾಮ್ ತೆರೆಯನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಅದರಲ್ಲಿನ ತಪ್ಪನ್ನು ಹುಡುಕುವ ತಂತ್ರಾಂಶ ಅದೇ ತೆರೆಯ ಮೇಲೆ ಬರೆಯಹೊರಟರೆ ಪರೀಕ್ಷಿಸಬೇಕಾದ ಚಿತ್ರವೇ ಅಳಿಸಿಹೋಗುತ್ತದೆ! ಬಣ್ಣದ ತೆರೆಯಲ್ಲಿ ಪ್ರೋಗ್ರಾಮ್, ಪಕ್ಕದ ತೆರೆಯಲ್ಲಿ ಅದರ ಒಂದೊಂದು ಹೆಜ್ಜೆ ಎಂದು ಹಂಚಿಕೊಂಡಾಗ ಈ ತೊಡಕು ನೀಗಿತು. 1983ರ ಲೋಟಸ್ 1-2-3 ಕೂಡ ಅಂಕಿಗಳ ಪಟ್ಟಿಯನ್ನು ಒಂದರಲ್ಲಿ, ನಕ್ಷೆಯನ್ನು ಇನ್ನೊಂದರಲ್ಲಿ ತೋರಿಸಬಲ್ಲದಾಗಿತ್ತು.

ಎಂಡಿಎ ಕಾರ್ಡಿನ ಅಕ್ಷರಗಳ ಆಕಾರ ಅದರೊಳಗೇ ಅಚ್ಚಾಗಿತ್ತು, ಬದಲಿಸುವಂತಿರಲಿಲ್ಲ. ವಾನ್ ಸುವನ್ನುಕುಲ್ ಎಂಬಾತನಿಗೆ ಥಾಯ್ ಲಿಪಿ ಬೇಕಿತ್ತು. ಆತ ರೂಪಿಸಿದ ಹರ್ಕ್ಯುಲಿಸ್ ಕಾರ್ಡ್ ಅದೇ ಏಕವರ್ಣ ಮಾನಿಟರಿನ ಮೇಲೆ 720 × 348 ಚುಕ್ಕೆಗಳನ್ನು ಬೇಕಾದಂತೆ ಬೆಳಗಿಸುತ್ತಿತ್ತು. ಕನ್ನಡದಂಥ ಲಿಪಿಗಳಿಗೂ ಇಂಥ ಚುಕ್ಕೆಗಳ ಸ್ವಾತಂತ್ರ್ಯವೇ ಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇದರ ಸ್ಮೃತಿ 64 ಕಿಲೋಬೈಟ್; ಅದರ ಉತ್ತರಾರ್ಧ ಸರಿಯಾಗಿ ಸಿಜಿಎ ಜಾಗದ ಮೇಲೆಯೇ ಬೀಳುತ್ತಿತ್ತು. ಪಕ್ಕದಲ್ಲಿ ಸಿಜಿಎ ಇದ್ದರೆ ಹರ್ಕ್ಯುಲಿಸ್ ಪೂರ್ವಾರ್ಧಕ್ಕೇ ತೃಪ್ತಿಪಡಬೇಕಿತ್ತು.

1987ರಲ್ಲಿ ವಿಜಿಎ ಬಂದಾಗ ಚಿತ್ರಗಳು ಸುಂದರವಾದವು, ಆದರೆ ಎರಡು ತೆರೆಗಳ ದಾರಿ ಕಿರಿದಾಯಿತು. ಎಲ್ಲ ವಿಜಿಎ ಕಾರ್ಡ್‌ಗಳಿಗೂ ಒಂದೇ ವಿಳಾಸ. ಒಂದೇ ಬಾಗಿಲ ಸಂಖ್ಯೆಯ ಎರಡು ಮನೆಗಳಿಗೆ ಅಂಚೆಯವನು ಕಾಗದ ಹಂಚುವುದು ಹೇಗೆ? ಅದೇ ವರ್ಷದ ಮ್ಯಾಕಿಂಟಾಷ್ 2ರಲ್ಲಿ ಪರಿಹಾರ ಸಿದ್ಧವಾಗಿತ್ತು. ಅದರ ಆರು ಸ್ಲಾಟ್‌ಗಳಲ್ಲಿ ಪ್ರತಿಯೊಂದಕ್ಕೂ ಸ್ವಂತ ವಿಳಾಸವಿತ್ತು. ಕಾರ್ಡ್ ಎಲ್ಲಿ ಕುಳಿತರೆ ಅಲ್ಲಿನ ವಿಳಾಸ ಅದರದು. ತಂತ್ರಾಂಶವಂತೂ ಎಲ್ಲ ತೆರೆಗಳನ್ನೂ ಒಂದೇ ವಿಶಾಲ ಮೇಜಿನಂತೆ ಕಾಣುತ್ತಿತ್ತು. ಒಂದು ಕಿಟಕಿಯ ಅರ್ಧ ಈ ಮಾನಿಟರಿನಲ್ಲಿ, ಉಳಿದರ್ಧ ಆ ಮಾನಿಟರಿನಲ್ಲಿ ಇರಬಹುದಿತ್ತು. ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಜಾಣ ಹೆಜ್ಜೆ ಇದೇ.

ವಿಂಡೋಸ್ ಬಳಸುವವರು ಇದಕ್ಕಾಗಿ 1998ರವರೆಗೆ ಕಾಯಬೇಕಾಯಿತು. ಆ ವೇಳೆಗೆ ಪಿಸಿಐ ಸ್ಲಾಟ್‌ಗಳು ಬಂದು, ಗಣಕವು ಚಾಲೂ ಆಗುವಾಗ ಕಾರ್ಡ್‌ಗಳಿಗೆ ತಾನೇ ವಿಳಾಸ ಹಂಚತೊಡಗಿತ್ತು. ವಿಂಡೋಸ್ 98 ಒಂಬತ್ತು ಮಾನಿಟರ್‌ಗಳವರೆಗೆ ನಿಭಾಯಿಸುತ್ತಿತ್ತು. ಮರುವರ್ಷವೇ ಮ್ಯಾಟ್ರಾಕ್ಸ್ ಜಿ400 ಕಾರ್ಡ್ ಒಂದೇ ಚಿಪ್‌ನಲ್ಲಿ ಎರಡು ಓದುವ ಮಂಡಲಗಳನ್ನು ಅಡಗಿಸಿ, ಎರಡನೆಯ ಕಾರ್ಡಿನ ಅಗತ್ಯವನ್ನೇ ತಪ್ಪಿಸಿತು.

ಅಷ್ಟರಲ್ಲಿ ಪೆಟ್ಟಿಗೆಯೇ ಕುಗ್ಗತೊಡಗಿತು. 2005ರ ಮ್ಯಾಕ್ ಮಿನಿ 5 ಸೆಂಟಿಮೀಟರ್ ಎತ್ತರದ್ದು. ಅದರಲ್ಲಿ ಹೆಚ್ಚುವರಿ ಕಾರ್ಡ್‌ಗೆ ಸ್ಲಾಟ್ ಇಲ್ಲ, ಮಾನಿಟರಿಗೆ ಇದ್ದದ್ದು ಒಂದೇ ಕಿಂಡಿ. ಎರಡನೆಯ ಕಿಂಡಿ ಬಂದದ್ದು 2009ರ ಮಾದರಿಯಲ್ಲಿ. ಶಾಲಾ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಕೇಂಬ್ರಿಡ್ಜ್‌ನಲ್ಲಿ ರೂಪುಗೊಂಡ ಅಂಗೈಯಗಲದ ರಾಸ್ಪ್‌ಬೆರಿ ಪೈಗೆ 2019ರ ನಾಲ್ಕನೆಯ ಮಾದರಿಯಲ್ಲಿ ಎರಡು ಮೈಕ್ರೋ ಎಚ್‌ಡಿಎಂಐ ಕಿಂಡಿಗಳು ದೊರೆತವು. ಆರಂಭಿಕ ಬೆಲೆ 35 ಡಾಲರ್. ಎರಡಕ್ಕೂ 4ಕೆ ಮಾನಿಟರ್ ಜೋಡಿಸಿದರೆ ಚಿತ್ರ ಸೆಕೆಂಡಿಗೆ 30 ಬಾರಿಯಷ್ಟೇ ಹೊಸದಾಗುತ್ತದೆ. ನಿಮ್ಮ ಶಾಲೆಯಲ್ಲಿ ಈ ಮಾದರಿಯಿದ್ದು ಮಾನಿಟರ್ ಒಂದೇ ಇದ್ದರೆ, ಅದನ್ನು ವಿದ್ಯುತ್ ಕಿಂಡಿಯ ಪಕ್ಕದಲ್ಲಿರುವ ಕಿಂಡಿಗೇ ಸಿಕ್ಕಿಸಿ.