ಉತಾರದಲ್ಲಿ ಬರೆದ ಮನೆ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆನಿಂತ ನಮಗೆ ‘ಉತಾರ’ವೆಂಬ ಶಬ್ದ ಹೊಸದಲ್ಲ. ಇಲ್ಲಿಯ ‘ಸಾತ್‌ಬಾರಾ’ವೂ ಅದೇ ಬಳಗದ್ದು, ಗ್ರಾಮ ನಮೂನೆ 7 ಮತ್ತು 12 ಸೇರಿ ಆದ ಹೆಸರು. ಈ ನಂಟು ಹಳೆಯದು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ರೂಢಿಗೆ ತಂದ ಭೂಮಾಪನ ಪದ್ಧತಿಯೇ ಮುಂದೆ ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಿಗೂ ಹಬ್ಬಿತು.

ಇನ್ನು ಖರೇದಿ ಪತ್ರಗಳ ಮಾತು. 1908ರ ನೋಂದಣಿ ಕಾಯ್ದೆಯ 57ನೆಯ ಕಲಮಿನಂತೆ ಸ್ಥಿರಾಸ್ತಿಯ ಪುಸ್ತಕವನ್ನೂ ಅದರ ಸೂಚಿಯನ್ನೂ ಫೀ ಕೊಟ್ಟು ಯಾರು ಬೇಕಾದರೂ ನೋಡಬಹುದು. ಒಂದೇ ಮನೆಯನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದೇ ಮದ್ದು. ಪೊಲೀಸ್ ಅಧಿಕಾರಿಯ ಮನೆಯೆಂದು ಆ ಕಲಮಿನಲ್ಲಿ ಬೇರೆ ಮಾತಿಲ್ಲ.

ಬಹುಕಾಲ ಇದು ತೊಡಕೆನಿಸಲಿಲ್ಲ. ಪೊಲೀಸರಲ್ಲಿ ಅನೇಕರು ಸರಕಾರಿ ಲೈನುಗಳಲ್ಲೇ ಇರುತ್ತಿದ್ದರು. ಚಿಂತೆ ಹುಟ್ಟುವುದು ನಿವೃತ್ತಿಯಾಗಿ, ಕಾವಲು ಕಳೆದು, ಸ್ವಂತ ಹೆಸರಿನಲ್ಲಿ ಮನೆ ಕೊಂಡಾಗ. ಜನರಲ್ ಅರುಣಕುಮಾರ ವೈದ್ಯರು 1986ರ ಜನವರಿಯಲ್ಲಿ ಭೂಸೇನೆಯ ಮುಖ್ಯಸ್ಥ ಪದವಿಯಿಂದ ನಿವೃತ್ತರಾಗಿ ಪುಣೆಗೆ ಬಂದರು; ಆಗಸ್ಟ್ 10ರಂದು ಪೇಟೆಯಿಂದ ಕಾರಿನಲ್ಲಿ ಮನೆಗೆ ಮರಳುತ್ತಿದ್ದಾಗ ಗುಂಡಿಗೆ ಬಲಿಯಾದರು. ಅವರು ಪೊಲೀಸರಲ್ಲ, ಹಂತಕರು ಕಾಗದಪತ್ರ ಹುಡುಕಿದರೆಂದೂ ನಾವು ಹೇಳುತ್ತಿಲ್ಲ. ಆದರೆ ಮನೆ ಗೊತ್ತಾದರೆ ದಾರಿಯೂ ಗೊತ್ತಾಗುತ್ತದೆ. ಅಮೇರಿಕೆಯ ನ್ಯೂ ಜೆರ್ಸಿಯಲ್ಲಿ 2020ರ ಜುಲೈಯಲ್ಲಿ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮಗ ಡೇನಿಯಲ್‌ನನ್ನು ಮನೆಬಾಗಿಲಲ್ಲೇ ಕೊಂದ ಮೇಲೆ, ನ್ಯಾಯಾಧೀಶರ ಮತ್ತು ಪೊಲೀಸರ ವಿಳಾಸ ಕಾಯುವ ಕಾಯ್ದೆಯೇ ಅದೇ ವರ್ಷ ಬಂತು.

ಹಾಗೆಂದು ದಾಖಲೆಗಳಿಗೆ ಬೀಗ ಹಾಕಿರೆನ್ನಲು ಪುಣೆಯವರಾದ ನಮಗೆ ಬಾಯಿ ಬಾರದು. ಪಕ್ಕದ ತಳೇಗಾಂವ್ ದಾಭಾಡೆಯಲ್ಲಿ ಭೂವ್ಯವಹಾರದ ಅಕ್ರಮಗಳನ್ನು ಮಾಹಿತಿ ಹಕ್ಕಿನಿಂದ ಬಯಲಿಗೆಳೆದ ಸತೀಶ ಶೆಟ್ಟಿಯವರನ್ನು 2010ರ ಜನವರಿ 13ರಂದು ಮುಂಜಾನೆಯ ವಾಯುವಿಹಾರದಲ್ಲಿ ಕೊಂದರು. ದಾಖಲೆ ಮುಚ್ಚಿದರೆ ಅಂಥವರ ಕೈ ಕಟ್ಟಿದಂತೆ. ಲಂಚದ ಹಣದಲ್ಲಿ ಜಮೀನು ಕೊಂಡ ಅಧಿಕಾರಿಗೆ ಹಬ್ಬ! ಮಾಹಿತಿ ಹಕ್ಕು ಕಾಯ್ದೆಯಂತೂ (2005) ಜೀವಕ್ಕೆ ಅಪಾಯ ತರುವ ಮಾಹಿತಿಯನ್ನು 8ನೆಯ ಕಲಮಿನಲ್ಲೇ ಹೊರಗಿಟ್ಟಿದೆ. ನೋಂದಣಿ ಪುಸ್ತಕಕ್ಕೆ ಅಂಥ ಜರಡಿಯಿಲ್ಲ.

ಹಿಂದೆ ಹುಡುಕುವವನು ಕಚೇರಿಗೆ ಬಂದು, ಅರ್ಜಿ ಬರೆದು, ಗುಮಾಸ್ತನ ಎದುರು ನಿಲ್ಲಬೇಕಿತ್ತು. ಇಂದು ಊರು ಗೊತ್ತಿದ್ದರೆ ಸಾತ್‌ಬಾರಾವನ್ನು ಹೆಸರು ಹಿಡಿದು ಮನೆಯಲ್ಲೇ ಕುಳಿತು ಹುಡುಕಬಹುದು. ನಮಗೆ ತೋಚುವುದಿಷ್ಟು: ಸರ್ವೆ ನಂಬರು ಹಿಡಿದು ಆಸ್ತಿ ನೋಡುವವರಿಗೆ ಬಾಗಿಲು ತೆರೆದೇ ಇರಲಿ; ಹೆಸರು ಹಿಡಿದು ಮನೆ ಹುಡುಕುವವನು ಮಾತ್ರ ಮೊದಲಿನಂತೆ ಅರ್ಜಿಗೆ ತನ್ನ ಹೆಸರು ಬರೆದು ರುಜು ಹಾಕಲಿ.